ತಾಳುವ ಕಂಬವೇ ಬಾಳುವ ಕಂಬ

ಅಧಿಕ ಸಾಮರ್ಥ್ಯದ ಉಕ್ಕು, ಕಾಂಕ್ರೀಟು ಮತ್ತು ಭೂಕಂಪ: ಸೇಡಂ ರಸ್ತೆಯ ವರ್ತಕರು ತಿಳಿಯಬೇಕಾದ ಸಂಗತಿಗಳು

ಕಲಬುರಗಿ ನಗರದಿಂದ ಪೂರ್ವ ದಿಕ್ಕಿಗೆ ಹೊರಡುವ ಸೇಡಂ ರಸ್ತೆಯನ್ನು ಸಿಮೆಂಟಿನ ರಸ್ತೆ ಎಂದು ಕರೆದರೆ ತಪ್ಪಾಗಲಾರದು. ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣ, ಇಎಸ್‌ಐಸಿ ಆಸ್ಪತ್ರೆ ಹಾಗೂ 2019ರ ನವೆಂಬರ್ 22ರಂದು ಉದ್ಘಾಟನೆಗೊಂಡ ವಿಮಾನ ನಿಲ್ದಾಣವನ್ನು ದಾಟಿ ಈ ರಸ್ತೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಮುಟ್ಟಿ, ಕಾಗಿಣಾ ನದಿಯನ್ನು ದಾಟಿ ಸೇಡಂ ಸೇರುತ್ತದೆ. ಈ ಭಾಗದ ನೆಲದಡಿಯ ಸುಣ್ಣಕಲ್ಲಿನ ಹಾಸು ವಾಡಿ, ಮಳಖೇಡ, ಸೇಡಂ, ಕೋಡ್ಲಾ, ಇಟಗಾ, ಛತ್ರಸಾಲ ಮೊದಲಾದ ಊರುಗಳಿಗೆ ಸಿಮೆಂಟು ಕಾರ್ಖಾನೆಗಳನ್ನು ತಂದಿತು. ನಗರದ ಇನ್ನೊಂದು ಮಗ್ಗುಲಿಗೆ, ಹುಮನಾಬಾದ್ ದಾರಿಯಲ್ಲಿರುವ ಕಮಲಾಪುರದ ಕಡೆ, ನೆಲವೆಲ್ಲ ದಖ್ಖನ್ನಿನ ಕಪ್ಪು ಬಸಾಲ್ಟ್ ಶಿಲೆ. ಕಾಂಕ್ರೀಟಿಗೆ ಬೇಕಾಗುವ ಗಟ್ಟಿ ಕಡಿ ದೊರೆಯುವುದು ಇಂತಹ ಶಿಲೆಯಿಂದ. ಹೀಗೆ ಸೇತುವೆಯೊಂದನ್ನು ಕಟ್ಟಲು ಬೇಕಾದ ಸಾಮಗ್ರಿಗಳಲ್ಲಿ ಉಕ್ಕನ್ನು ಬಿಟ್ಟು ಬಹುತೇಕ ಎಲ್ಲವೂ ಈ ಜಿಲ್ಲೆಯ ಒಡಲಲ್ಲೇ ಇವೆ. ಉಕ್ಕನ್ನು ತರಿಸಿ ಮಾರುವ ವರ್ತಕರಿಗೂ ಇಲ್ಲಿ ಕೊರತೆಯಿಲ್ಲ.

ಇಂತಹ ಪೇಟೆಯಲ್ಲಿ ಕಳೆದ ಎರಡು ದಶಕಗಳಿಂದ ಒಂದು ನಂಬಿಕೆ ಬೇರೂರಿದೆ. ಸರಳಿನ ಮೇಲಿನ ಅಂಕಿ ಹೆಚ್ಚಾದಷ್ಟೂ ಕಟ್ಟಡ ಭದ್ರ, ಚೀಲದ ಮೇಲಿನ ಗ್ರೇಡು ಹೆಚ್ಚಾದಷ್ಟೂ ಕಾಂಕ್ರೀಟು ಭದ್ರ ಎಂಬುದೇ ಆ ನಂಬಿಕೆ. 415ರ ಜಾಗಕ್ಕೆ 500 ಬಂದಿತು. 500ರ ಜಾಗಕ್ಕೆ 550 ಹಾಗೂ 600 ಬರುತ್ತಿವೆ. ಭಾರ ಹೊರುವ ಮಟ್ಟಿಗೆ ಈ ನಂಬಿಕೆಯಲ್ಲಿ ಹುರುಳಿದೆ. ಆದರೆ ನೆಲವೇ ನಡುಗುವಾಗ ಸೇತುವೆಯ ಕಂಬವನ್ನು ಉಳಿಸುವ ಗುಣ ಬೇರೆಯೇ ಆಗಿದೆ. ಆ ಗುಣ ಯಾವುದು, ಅಧಿಕ ಸಾಮರ್ಥ್ಯದ ಸಾಮಗ್ರಿಗಳು ಅದನ್ನು ಹೇಗೆ ಹೆಚ್ಚಿಸಬಲ್ಲವು ಅಥವಾ ಕುಗ್ಗಿಸಬಲ್ಲವು ಎಂಬುದನ್ನು ಅರಿಯುವುದು ಎಂಜಿನಿಯರರಿಗೆ ಮಾತ್ರವಲ್ಲ, ಸಾಮಗ್ರಿ ಪೂರೈಸುವ ವರ್ತಕರಿಗೂ ಅಗತ್ಯವಾಗಿದೆ.

ಕಿಲ್ಲಾರಿ ಹೇಳಿದ್ದು

ಕಲಬುರಗಿಗೆ ಭೂಕಂಪದ ಮಾತೇಕೆ ಎಂದು ಕೇಳುವವರಿದ್ದಾರೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ನೆಲ ನಡುಗಿತು. ಕಂಪನದ ಪ್ರಮಾಣ 6.2. ಎಂಟು ಸಾವಿರದಷ್ಟು ಜನ ಮಡಿದರು. ಕಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳ ಮನೆಗಳು ಮಲಗಿದ್ದವರ ಮೇಲೆ ಕುಸಿದವು. ಕಿಲ್ಲಾರಿ ಕಲಬುರಗಿಯಿಂದ ನೇರ ಅಂತರದಲ್ಲಿ ನೂರು ಕಿಲೋಮೀಟರಿಗೂ ಕಡಿಮೆ. ಈ ಭಾಗದ ಹಿರಿಯರಿಗೆ ಆ ನಸುಕು ಇಂದಿಗೂ ನೆನಪಿದೆ.

ಆ ದುರಂತದಲ್ಲಿ ವರ್ತಕರು ಗಮನಿಸಬೇಕಾದ ಅಂಶವೊಂದಿದೆ. ಅಂದಿನ ಭೂಕಂಪ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿ. ಅಪಾಯ ಎಲ್ಲಕ್ಕಿಂತ ಕಡಿಮೆ ಎಂದು ಬರೆದಿದ್ದ ಜಾಗದಲ್ಲೇ ಸಾವಿರಾರು ಜನ ಸತ್ತರು. ಆನಂತರ 2002ರಲ್ಲಿ ಪ್ರಕಟವಾದ ಭಾರತೀಯ ಮಾನಕ 1893ರ ಪರಿಷ್ಕೃತ ನಕ್ಷೆಯಲ್ಲಿ ಒಂದನೆಯ ವಲಯವನ್ನೇ ಕೈಬಿಟ್ಟು ಎರಡರೊಳಗೆ ಸೇರಿಸಲಾಯಿತು. ಕಿಲ್ಲಾರಿ ಪ್ರದೇಶವು ಮೂರನೆಯ ವಲಯಕ್ಕೆ ಏರಿತು. ಅದೇ ನಕ್ಷೆಯಲ್ಲಿ ಅಂದಿನ ಗುಲ್ಬರ್ಗ ನಗರವನ್ನು ಎರಡನೆಯ ವಲಯದಲ್ಲಿಟ್ಟು, ವಿನ್ಯಾಸಕ್ಕೆ 0.10 ಎಂಬ ವಲಯಾಂಕವನ್ನು ನೀಡಲಾಯಿತು. ಮೂರನೆಯ ವಲಯಕ್ಕೆ ಇದು 0.16, ಐದನೆಯ ವಲಯಕ್ಕೆ 0.36.

2021ರ ಅಕ್ಟೋಬರಿನಲ್ಲಿ ಚಿಂಚೋಳಿ ಭಾಗದ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ನೆಲದೊಳಗಿನ ಸದ್ದು ಹಾಗೂ ಕಂಪನಗಳು ಮತ್ತೆ ಮತ್ತೆ ಕಾಣಿಸಿಕೊಂಡವು. ಅಕ್ಟೋಬರ್ 11ರ ರಾತ್ರಿಯ ಕಂಪನದ ಪ್ರಮಾಣ ಸುಮಾರು 4. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು. ಈ ಪ್ರಮಾಣದ ಕಂಪನ ಸರಿಯಾಗಿ ಕಟ್ಟಿದ ಸೇತುವೆಗೆ ಅಪಾಯಕಾರಿಯಲ್ಲ. ಆದರೆ ದಖ್ಖನ್ನಿನ ನೆಲ ಅಲುಗಾಡದ ಬಂಡೆ ಎಂಬ ಭರವಸೆಗೆ ಮಿತಿಯಿದೆ ಎಂಬುದನ್ನು ಅದು ಮತ್ತೊಮ್ಮೆ ನೆನಪಿಸಿತು.

ಇಲ್ಲಿಂದ ಹೊರಡುವ ಪ್ರಶ್ನೆ ಸರಳವಾದುದು. ನಕ್ಷೆಯ ಅಂಕಿಗಿಂತ ದೊಡ್ಡ ಕಂಪನ ಬಂದೇಬಿಟ್ಟರೆ ಕಂಬವನ್ನು ಉಳಿಸುವುದು ಯಾವುದು? ಎಷ್ಟು ಬಲಕ್ಕೆ ಲೆಕ್ಕ ಹಾಕಲಾಗಿದೆಯೋ ಅಷ್ಟರವರೆಗೆ ಸಾಮರ್ಥ್ಯ ಕಾಯುತ್ತದೆ. ಆ ಗಡಿ ದಾಟಿದ ಮೇಲೆ ಕಾಯುವುದು ಇನ್ನೊಂದು ಗುಣ.

ಕಂಬ ಕೆಡುವ ಬಗೆ

ಭೂಕಂಪದಲ್ಲಿ ಸೇತುವೆಯ ಹೆಚ್ಚಿನ ತೂಕವೆಲ್ಲ ಮೇಲಿನ ಹಾಸಿನಲ್ಲಿರುತ್ತದೆ. ನೆಲ ಸರಿದಾಗ ಆ ತೂಕ ತನ್ನ ಜಾಗದಲ್ಲೇ ಉಳಿಯಲು ಹವಣಿಸುತ್ತದೆ. ನಡುವೆ ಸಿಕ್ಕಿಕೊಂಡ ಕಂಬ, ಗುತ್ತಿಗೆದಾರರ ಮಾತಿನಲ್ಲಿ ಪಿಯರ್, ಬುಡದಲ್ಲಿ ಬಾಗುತ್ತದೆ. ಕಟ್ಟಡಗಳಲ್ಲಿ ಹತ್ತಾರು ಕಂಬಗಳಿರುತ್ತವೆ, ಒಂದು ಸೋತರೆ ಇನ್ನೊಂದು ಭಾರ ಹಂಚಿಕೊಳ್ಳುತ್ತದೆ. ಒಂಟಿ ಕಂಬದ ಸೇತುವೆಗೆ ಆ ಅನುಕೂಲವಿಲ್ಲ. ಆ ಒಂದು ಕಂಬ ಹೋದರೆ ಅದರ ಮೇಲಿನ ಎರಡೂ ಹಾಸುಗಳು ಹೋದಂತೆಯೇ.

ದೊಡ್ಡ ಭೂಕಂಪದ ಪೂರ್ಣ ಬಲವನ್ನು ಒಂದಿಷ್ಟೂ ಬಿರುಕಿಲ್ಲದೆ ತಡೆಯುವಂತೆ ಕಂಬಗಳನ್ನು ಕಟ್ಟುವುದು ಆರ್ಥಿಕವಾಗಿ ಅಸಾಧ್ಯ. ಆದ್ದರಿಂದ ಸಂಹಿತೆಗಳು ಬೇರೆ ದಾರಿ ಹಿಡಿದಿವೆ. ಒಂಟಿ ಕಂಬವನ್ನು ಪೂರ್ಣ ಬಲದ ಸುಮಾರು ಮೂರನೆಯ ಒಂದು ಭಾಗಕ್ಕೆ ಮಾತ್ರ ವಿನ್ಯಾಸಗೊಳಿಸಲು ಅವು ಅನುಮತಿ ನೀಡುತ್ತವೆ. ಉಳಿದುದನ್ನು ಕಂಬವು ಬುಡದಲ್ಲಿ ಬಾಗಿ, ಅದರ ಸರಳುಗಳು ಹಿಗ್ಗಿ ಕುಗ್ಗಿ ಅರಗಿಸಿಕೊಳ್ಳಬೇಕು. ಸಾಮರ್ಥ್ಯ ಕಳೆದುಕೊಳ್ಳದೆ ಹೀಗೆ ಮತ್ತೆ ಮತ್ತೆ ಬಾಗುವ ಗುಣಕ್ಕೆ ತನ್ಯತೆ ಎಂದು ಹೆಸರು. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಕಂಬಕ್ಕೂ ಅನ್ವಯಿಸಬಹುದು.

ಇದನ್ನು ಕಾರ್ಖಾನೆಯ ಫ್ಯೂಸಿಗೆ ಹೋಲಿಸಬಹುದು. ವಿದ್ಯುತ್ತಿನ ಹೊರೆ ಮಿತಿ ಮೀರಿದಾಗ ಫ್ಯೂಸು ಸುಟ್ಟುಹೋಗಿ ಮೋಟಾರನ್ನು ಉಳಿಸುತ್ತದೆ. ಕಂಬದ ಬುಡವೂ ಅಂತಹ ಫ್ಯೂಸು. ಎಲ್ಲಿ ಬಾಗಬೇಕು, ಎಷ್ಟು ಬಲಕ್ಕೆ ಬಾಗಬೇಕು ಎಂಬುದನ್ನು ಎಂಜಿನಿಯರರು ಮೊದಲೇ ನಿಶ್ಚಯಿಸಿ, ಉಳಿದ ಭಾಗಗಳನ್ನೂ ತಳಪಾಯವನ್ನೂ ಅದಕ್ಕಿಂತ ಬಲವಾಗಿ ಕಟ್ಟಿರುತ್ತಾರೆ. ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿದರೆ ಏನಾಗುವುದೆಂದು ಕಾರ್ಖಾನೆಯವರಿಗೆ ಹೇಳಬೇಕಾಗಿಲ್ಲ.

1995ರ ಜನವರಿ 17ರ ಕೋಬೆ ಭೂಕಂಪವು ಈ ಸತ್ಯವನ್ನು ಜಗತ್ತಿಗೆ ತೋರಿಸಿತು. ಜಪಾನಿನ ಹಾನ್ಶಿನ್ ಎತ್ತರಿಸಿದ ಹೆದ್ದಾರಿಯ 635 ಮೀಟರ್ ಉದ್ದದ ಭಾಗವು ಒಂದೇ ಬದಿಗೆ ಮಗುಚಿ ಬಿದ್ದಿತು. ಅದರ ಒಂಟಿ ಕಂಬಗಳು ಮೂರು ಮೀಟರಿಗೂ ಹೆಚ್ಚು ವ್ಯಾಸವುಳ್ಳವು; ನೋಡಲು ಬೃಹತ್ತಾದವು. ಆದರೆ ಅವುಗಳ ಉದ್ದ ಸರಳುಗಳಲ್ಲಿ ಕೆಲವನ್ನು ನಡುವೆಯೇ ನಿಲ್ಲಿಸಲಾಗಿತ್ತು, ಸುತ್ತುವ ರಿಂಗುಗಳು ವಿರಳವಾಗಿದ್ದವು. ಆನಂತರ ಕೋಬೆಯ ಸಮೀಪದ ಮಿಕಿ ನಗರದಲ್ಲಿ 2005ರಲ್ಲಿ ಆರಂಭವಾದ ಇ-ಡಿಫೆನ್ಸ್ ಎಂಬ ಬೃಹತ್ ಕಂಪನ ವೇದಿಕೆಯ ಮೇಲೆ ಪೂರ್ಣ ಗಾತ್ರದ ಸೇತುವೆ ಕಂಬಗಳನ್ನು ನಿಲ್ಲಿಸಿ ಅಲುಗಾಡಿಸಿ ನೋಡಲಾಯಿತು. 1970ರ ದಶಕದ ರೀತಿಯಲ್ಲಿ, ಸರಳುಗಳನ್ನು ನಡುವೆ ನಿಲ್ಲಿಸಿ ಕಟ್ಟಿದ ಕಂಬವು ಆ ಜಾಗದಲ್ಲೇ ಕತ್ತರಿಸಿಕೊಂಡಿತು. ಕಂಬದ ಗಾತ್ರಕ್ಕಿಂತ ಒಳಗಿನ ಜೋಡಣೆ ಮುಖ್ಯ ಎಂಬುದು ಹೀಗೆ ಪ್ರಯೋಗದಿಂದಲೂ ದೃಢಪಟ್ಟಿತು.

ಸರಳಿನ ಮೇಲಿನ ಅಂಕಿ ಹೇಳುವುದು ಮತ್ತು ಹೇಳದಿರುವುದು

ಎಫ್‌ಇ 500 ಎಂದರೆ ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತಕ್ಕೆ 500 ನ್ಯೂಟನ್ ಬಲದವರೆಗೆ ಸರಳು ಶಾಶ್ವತವಾಗಿ ಹಿಗ್ಗದೆ ತಡೆಯುತ್ತದೆ ಎಂದರ್ಥ. ಭಾರವೊಂದನ್ನೇ ಲೆಕ್ಕಕ್ಕೆ ಹಿಡಿದರೆ 415ರ ಬದಲು 500 ಬಳಸಿದಾಗ ಉಕ್ಕಿನ ತೂಕ ಸುಮಾರು 17 ಪ್ರತಿಶತ ಉಳಿಯುತ್ತದೆ. 500ರ ಬದಲು 600 ಬಳಸಿದರೂ ಅಷ್ಟೇ ಪ್ರಮಾಣದ ಉಳಿತಾಯ. ವರ್ತಕರಿಗೂ ಗುತ್ತಿಗೆದಾರರಿಗೂ ಇದು ಆಕರ್ಷಕವೇ.

ಆದರೆ ಭಾರತೀಯ ಮಾನಕ 1786ರ 2008ರ ಆವೃತ್ತಿಯಲ್ಲಿ ಇನ್ನೊಂದು ಅಂಕಣವಿದೆ. ಸರಳು ತುಂಡಾಗುವ ಮುನ್ನ ಕನಿಷ್ಠ ಎಷ್ಟು ಹಿಗ್ಗಬೇಕು ಎಂಬುದನ್ನು ಅದು ಹೇಳುತ್ತದೆ. 415ಕ್ಕೆ 14.5 ಪ್ರತಿಶತ, 500ಕ್ಕೆ 12, 550ಕ್ಕೆ 10, 600ಕ್ಕೂ 10. ಒಂದು ಅಂಕಿ ಏರಿದಂತೆ ಇನ್ನೊಂದು ಇಳಿಯುತ್ತದೆ ಎಂಬುದನ್ನು ಗಮನಿಸಬೇಕು. ಈ ಕೊರತೆಯನ್ನು ತುಂಬಲೆಂದೇ ‘ಡಿ’ ಅಕ್ಷರ ಹೊತ್ತ ಸರಳುಗಳು ಬಂದವು. 415 ಡಿಗೆ 18 ಪ್ರತಿಶತ, 500 ಡಿಗೆ 16, 550 ಡಿಗೆ 14.5. ಹದಿನಾರು ಪ್ರತಿಶತ ಎಂದರೆ ಪರೀಕ್ಷೆಗಾಗಿ ಗುರುತಿಸಿದ 100 ಮಿಲಿಮೀಟರ್ ಉದ್ದವು ತುಂಡಾಗುವ ವೇಳೆಗೆ 116 ಮಿಲಿಮೀಟರ್ ಆಗಿರಬೇಕು. ಗಂಧಕ ಮತ್ತು ರಂಜಕಗಳ ಮಿತಿಯೂ ಈ ಸರಳುಗಳಲ್ಲಿ ಬಿಗಿ. 500ರಲ್ಲಿ ಎರಡೂ ಸೇರಿ 0.105 ಪ್ರತಿಶತದವರೆಗೆ ಇರಬಹುದಾದರೆ 500 ಡಿಯಲ್ಲಿ 0.075ನ್ನು ಮೀರುವಂತಿಲ್ಲ. ಗುಜರಿಯನ್ನು ಕರಗಿಸಿ, ಶುದ್ಧೀಕರಣದ ಕಡೆ ಗಮನ ಕೊಡದೆ ಎಳೆದ ಸರಳು ಎಡವುವುದು ಸಾಮಾನ್ಯವಾಗಿ ಇಲ್ಲಿಯೇ.

ವರ್ತಕರಲ್ಲಿ ಹಲವರನ್ನು ಅಚ್ಚರಿಗೊಳಿಸುವ ಇನ್ನೊಂದು ನಿಯಮವಿದೆ. ಭೂಕಂಪ ತಾಳುವ ಕಟ್ಟಡಗಳಿಗೆ ಸಂಬಂಧಿಸಿದ ಭಾರತೀಯ ಮಾನಕ 13920ರ 2016ರ ಆವೃತ್ತಿಯು ಸರಳಿನ ಸಾಮರ್ಥ್ಯಕ್ಕೆ ಮೇಲ್ಮಿತಿಯನ್ನೂ ಹಾಕಿದೆ. ಪರೀಕ್ಷೆಯಲ್ಲಿ ಕಂಡುಬರುವ ನೈಜ ಸಾಮರ್ಥ್ಯವು ಹೆಸರಿನ ಅಂಕಿಯನ್ನು 20 ಪ್ರತಿಶತಕ್ಕಿಂತ ಹೆಚ್ಚು ಮೀರಬಾರದು. ಅಂದರೆ 500ರ ಸರಳು 600ನ್ನು ದಾಟಬಾರದು. ಜೊತೆಗೆ, ಹಿಗ್ಗಲಾರಂಭಿಸುವ ಬಲಕ್ಕೂ ತುಂಡಾಗುವ ಬಲಕ್ಕೂ ನಡುವೆ ಕನಿಷ್ಠ 15 ಪ್ರತಿಶತ ಅಂತರವಿರಬೇಕು. ಅಮೆರಿಕದಲ್ಲಿ ಭೂಕಂಪ ಪ್ರದೇಶಗಳ ಸೇತುವೆಗಳಿಗೆ ಬಳಕೆಯಾಗುವ ಎ 706 ಮಾನಕವೂ ಇದೇ ರೀತಿ ಮೇಲ್ಮಿತಿ ಹೇಳಿ, ಅಂತರವನ್ನು 25 ಪ್ರತಿಶತಕ್ಕೆ ಏರಿಸಿದೆ.

ಹೆಚ್ಚಿನ ಸಾಮರ್ಥ್ಯಕ್ಕೆ ಮಿತಿಯೇಕೆ? ಫ್ಯೂಸಿನ ಮಾತು ಇಲ್ಲಿ ಮತ್ತೆ ಬರುತ್ತದೆ. ನಕ್ಷೆಯಲ್ಲಿ 500 ಡಿ ಎಂದು ಬರೆದಿದ್ದ ಕಂಬಕ್ಕೆ, ಪರೀಕ್ಷೆಯಲ್ಲಿ 650 ತೋರಿಸುವ 600ರ ಸರಳನ್ನು ಪೂರೈಸಲಾಯಿತು ಎಂದಿಟ್ಟುಕೊಳ್ಳೋಣ. ಬುಡದ ಉಕ್ಕು ಲೆಕ್ಕಕ್ಕಿಂತ 30 ಪ್ರತಿಶತ ಹೆಚ್ಚು ಬಲವನ್ನು ತಡೆಯುತ್ತದೆ. ಆ ಹೆಚ್ಚುವರಿ ಬಲ ಕಂಬದ ನಡುಭಾಗಕ್ಕೆ, ತಳಪಾಯಕ್ಕೆ, ಬೇರಿಂಗಿಗೆ ಹರಿಯುತ್ತದೆ. ಅವುಗಳನ್ನು ಅಷ್ಟು ಬಲಕ್ಕೆ ಕಟ್ಟಿಯೇ ಇಲ್ಲ. ಬುಡದಲ್ಲಿ ಮೆಲ್ಲನೆ ಬಾಗಬೇಕಾಗಿದ್ದ ಕಂಬ ನಡುವೆ ಥಟ್ಟನೆ ಕತ್ತರಿಸುತ್ತದೆ, ಇಲ್ಲವೇ ನೆಲದೊಳಗೆ ಯಾರ ಕಣ್ಣಿಗೂ ಬೀಳದ ತಳಪಾಯ ಬಿರುಕು ಬಿಡುತ್ತದೆ. ಕೇಳಿದ್ದಕ್ಕಿಂತ ಮೇಲಿನ ಗ್ರೇಡು ಕೊಟ್ಟೆವು ಎಂದು ವರ್ತಕರು ತೃಪ್ತಿಪಡುವಂತಿಲ್ಲ. ಸೇತುವೆಯ ಮಟ್ಟಿಗೆ ಅದು ಉಪಕಾರವಾಗದೆ ಅಪಕಾರವಾಗಬಹುದು.

ಇನ್ನೆರಡು ಸಂಗತಿಗಳಿವೆ. ಗ್ರೇಡು ಯಾವುದಾದರೂ ಉಕ್ಕಿನ ಬಿಗುಪು ಬದಲಾಗುವುದಿಲ್ಲ. ಒಂದೇ ಬಲಕ್ಕೆ ಎಲ್ಲ ಗ್ರೇಡೂ ಒಂದೇ ಸಮನೆ ಹಿಗ್ಗುತ್ತದೆ. ಆದ್ದರಿಂದ ಹೆಚ್ಚಿನ ಗ್ರೇಡು ಬಳಸಿ ಉಕ್ಕನ್ನು ಕಡಿಮೆ ಮಾಡಿದರೆ ದಿನನಿತ್ಯದ ಭಾರಕ್ಕೇ ಬಿರುಕುಗಳು ಅಗಲವಾಗುತ್ತವೆ. ಎರಡನೆಯದಾಗಿ, ಸರಳು ಬಲವಾದಷ್ಟೂ ಕಾಂಕ್ರೀಟಿನ ಹಿಡಿತ ಉದ್ದವಾಗಿರಬೇಕು, ಜೋಡಣೆಯ ಮೇಲುಹಾಸು ಹೆಚ್ಚಬೇಕು, ರಿಂಗುಗಳ ಅಂತರ ಕಿರಿದಾಗಬೇಕು. ತೂಕದಲ್ಲಿ ಉಳಿಸಿದ್ದರ ಒಂದು ಪಾಲು ಇಲ್ಲಿ ಮರಳಿ ಖರ್ಚಾಗುತ್ತದೆ.

ಕಾಂಕ್ರೀಟಿನ ಸ್ವಭಾವ

ಕಾಂಕ್ರೀಟಿನ ಕಥೆಯೂ ಬಹುಮಟ್ಟಿಗೆ ಇದೇ. 2002ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯ ಮೇಲ್ಸೇತುವೆಗೆ ಎಂ 75 ದರ್ಜೆಯ ಕಾಂಕ್ರೀಟು ಬಳಸಿದಾಗ ದೇಶದ ನಿರ್ಮಾಣ ವಲಯದಲ್ಲಿ ಅದು ದೊಡ್ಡ ಸುದ್ದಿಯಾಯಿತು. 2011ರಲ್ಲಿ ಬಂದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಕಾಂಕ್ರೀಟು ಸೇತುವೆ ಸಂಹಿತೆ 112 ಎಂ 90ರವರೆಗೆ ಬಾಗಿಲು ತೆರೆಯಿತು. ಇಂತಹ ಕಾಂಕ್ರೀಟಿನಿಂದ ಕಂಬಗಳು ತೆಳುವಾಗುತ್ತವೆ, ತೂಕ ಇಳಿಯುತ್ತದೆ, ತೂಕ ಇಳಿದಷ್ಟೂ ಭೂಕಂಪದ ಬಲವೂ ಇಳಿಯುತ್ತದೆ. ರಂಧ್ರಗಳು ಕಡಿಮೆಯಾಗಿ ನೀರು, ಲವಣಗಳು ಒಳನುಗ್ಗುವುದು ತಪ್ಪುತ್ತದೆ. ಸೇತುವೆಯ ಆಯುಸ್ಸು ಹೆಚ್ಚುತ್ತದೆ. ಇವೆಲ್ಲ ನಿಜವಾದ ಲಾಭಗಳೇ.

ಆದರೆ ಗಾಜು ಗಟ್ಟಿಯಾದರೂ ಬಾಗುವುದಿಲ್ಲ. ಕಾಂಕ್ರೀಟು ಎಂ 60ರವರೆಗೆ ಸಾವಿರಕ್ಕೆ ಮೂರೂವರೆ ಭಾಗದಷ್ಟು ಅದುಮಿಕೊಂಡ ಮೇಲೆ ಪುಡಿಯಾಗುತ್ತದೆ ಎಂದು ಸಂಹಿತೆ ಲೆಕ್ಕ ಹಾಕುತ್ತದೆ. ಅದಕ್ಕೂ ಮೇಲಿನ ದರ್ಜೆಗಳಲ್ಲಿ ಈ ಮಿತಿ ಇಳಿಯುತ್ತ ಹೋಗುತ್ತದೆ. ಸಾಧಾರಣ ಕಾಂಕ್ರೀಟು ಮೆಲ್ಲಗೆ ಕುಸಿದರೆ ಅಧಿಕ ಸಾಮರ್ಥ್ಯದ ಕಾಂಕ್ರೀಟು ಸಿಡಿದಂತೆ ಒಡೆಯುತ್ತದೆ. ಅದನ್ನು ತಾಳುವಂತೆ ಮಾಡಲು ಒಂದೇ ದಾರಿ, ಸುತ್ತಲೂ ಬಿಗಿಯಾಗಿ ಕಟ್ಟುವುದು. ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೇಗೋ ಕಂಬದ ಒಡಲಿಗೆ ರಿಂಗುಗಳು ಹಾಗೆ. ರಿಂಗುಗಳು ಹತ್ತಿರವಾಗಿದ್ದರೆ ಒಳಗಿನ ಕಾಂಕ್ರೀಟು ಪುಡಿಯಾದರೂ ಚದುರಲು ಜಾಗವಿಲ್ಲದೆ ಭಾರ ಹೊರುತ್ತಲೇ ಇರುತ್ತದೆ, ಉದ್ದ ಸರಳುಗಳು ಹೊರಕ್ಕೆ ಸೊಟ್ಟಗಾಗುವುದೂ ತಪ್ಪುತ್ತದೆ. ಕಾಂಕ್ರೀಟಿನ ದರ್ಜೆ ಏರಿದಂತೆ ಬೇಕಾಗುವ ರಿಂಗಿನ ಪ್ರಮಾಣವೂ ಏರುತ್ತದೆ. ದರ್ಜೆ ಏರಿಸಿ ರಿಂಗು ಕಡಿಮೆ ಮಾಡುವವರು ಎರಡು ಕಡೆಯಿಂದಲೂ ಕಂಬವನ್ನು ದುರ್ಬಲಗೊಳಿಸುತ್ತಾರೆ.

ಇಲ್ಲಿಯೇ ಸಿಮೆಂಟಿನ ಚೀಲದ ಮೇಲಿನ 53ರ ಬಗ್ಗೆಯೂ ಒಂದು ಮಾತು ಅಗತ್ಯ. ಅದು ನಿಗದಿತ ಗಾರೆಯ ಘನವು 28 ದಿನಗಳಲ್ಲಿ ತೋರಬೇಕಾದ ಸಾಮರ್ಥ್ಯವೇ ಹೊರತು ಕಾಂಕ್ರೀಟಿನ ದರ್ಜೆಯಲ್ಲ. 53ರ ಸಿಮೆಂಟಿಗೆ ನೀರು ಹೆಚ್ಚು ಸುರಿದು ಎಂ 20 ಮಾಡಬಹುದು. 43ರ ಸಿಮೆಂಟಿನಿಂದ, ನೀರನ್ನು ಹಿಡಿತದಲ್ಲಿಟ್ಟು, ಉತ್ತಮ ಕಡಿ ಬಳಸಿ, ಎಂ 40 ಸಾಧಿಸಬಹುದು. ಹಾರುಬೂದಿ ಬೆರೆತ ಸಿಮೆಂಟು ಮೊದಲ ದಿನಗಳಲ್ಲಿ ನಿಧಾನವಾಗಿ ಗಟ್ಟಿಯಾಗುತ್ತದೆ, ಆದ್ದರಿಂದ ನೀರುಣಿಸುವ ದಿನಗಳನ್ನು ಹೆಚ್ಚಿಸಬೇಕು. ಕಲಬುರಗಿಯ ಬೇಸಗೆಯಲ್ಲಿ ಇದನ್ನು ಮರೆತರೆ ಚೀಲದ ಮೇಲಿನ ಯಾವ ಅಂಕಿಯೂ ನೆರವಿಗೆ ಬಾರದು.

ಸರಿಯಾದ ಜಾಗ, ಸರಿಯಾದ ಬಳಕೆ

ಅಧಿಕ ಸಾಮರ್ಥ್ಯದ ಸಾಮಗ್ರಿಗಳನ್ನು ದೂರವಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಎಲ್ಲಿ ಬಾಗಬೇಕೋ ಅಲ್ಲಿ ತನ್ಯತೆ, ಎಲ್ಲಿ ಬಾಗಬಾರದೋ ಅಲ್ಲಿ ಸಾಮರ್ಥ್ಯ ಎಂಬುದು ಸೂತ್ರ. ಸೇತುವೆಯ ಹಾಸು, ತೊಲೆಗಳು, ಕಂಬದ ಮೇಲ್ಭಾಗದ ತಲೆ ಇವುಗಳಲ್ಲಿ ಹೆಚ್ಚಿನ ದರ್ಜೆಯ ಕಾಂಕ್ರೀಟು ಸಂಪೂರ್ಣ ಉಪಯುಕ್ತ. ಕಂಬವನ್ನು ಸುತ್ತುವ ರಿಂಗುಗಳಿಗೆ ಬಲವಾದ ಉಕ್ಕು ಒಳ್ಳೆಯದೇ. ಬುಡದ ಉದ್ದ ಸರಳುಗಳಿಗೆ ಮಾತ್ರ ‘ಡಿ’ ಅಥವಾ ಭೂಕಂಪಕ್ಕೆಂದೇ ರೂಪಿಸಿದ ‘ಎಸ್’ ಗುರುತಿನ ಸರಳುಗಳು ತಕ್ಕವು.

ಹೊರದೇಶಗಳಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ಇ-ಡಿಫೆನ್ಸ್ ಪರೀಕ್ಷೆಗಳಲ್ಲಿ ಬುಡಕ್ಕೆ ಪಾಲಿಪ್ರೊಪಿಲೀನ್ ನಾರು ಬೆರೆಸಿದ ಸಿಮೆಂಟು ಮಿಶ್ರಣ ಬಳಸಿದ ಕಂಬವು ತೀವ್ರ ಕಂಪನದಲ್ಲೂ ಸಾಧಾರಣ ಕಂಬಕ್ಕಿಂತ ಬಹಳ ಕಡಿಮೆ ಘಾಸಿಗೊಂಡಿತು. ಅಮೆರಿಕದ ಸಿಯಾಟಲ್ ನಗರದಲ್ಲಿ 2017ರಲ್ಲಿ ಸಿದ್ಧವಾದ ಹೆದ್ದಾರಿ ಇಳಿದಾರಿಯೊಂದರ ಕಂಬಗಳಲ್ಲಿ, ಬಾಗಿದ ಮೇಲೂ ತನ್ನ ಮೊದಲಿನ ಆಕಾರಕ್ಕೆ ಮರಳುವ ನಿಕ್ಕಲ್-ಟೈಟೇನಿಯಂ ಮಿಶ್ರಲೋಹದ ಸರಳುಗಳನ್ನೂ ಬಾಗಬಲ್ಲ ನಾರು ಕಾಂಕ್ರೀಟನ್ನೂ ಬಳಸಲಾಯಿತು. ನೆವಾಡ ವಿಶ್ವವಿದ್ಯಾಲಯದ ರೀನೋ ಆವರಣದಲ್ಲಿ ವರ್ಷಗಟ್ಟಲೆ ನಡೆದ ಪ್ರಯೋಗಗಳ ಫಲವದು. ಇವು ದುಬಾರಿ ಸಾಮಗ್ರಿಗಳು. ಆದರೆ ಇವುಗಳ ಹಿಂದಿರುವ ವಿಚಾರ ಒಂದೇ: ಗಟ್ಟಿತನಕ್ಕೆ ಬೆಲೆ ಕೊಟ್ಟಂತೆ ತಾಳ್ಮೆಗೂ ಬೆಲೆ ಕೊಡಬೇಕು.

ರಸ್ತೆ ನಿಂತರೆ ವ್ಯಾಪಾರ ನಿಂತಂತೆ

ಸೇತುವೆ ಸೋತಾಗ ನಷ್ಟವಾಗುವುದು ಕಾಂಕ್ರೀಟಿನ ಬೆಲೆ ಮಾತ್ರವಲ್ಲ. ಕೋಬೆಯ ಹಾನ್ಶಿನ್ ಹೆದ್ದಾರಿ ಪೂರ್ಣವಾಗಿ ಮರಳಿ ತೆರೆದದ್ದು 1996ರ ಸೆಪ್ಟೆಂಬರ್ 30ರಂದು, ಇಪ್ಪತ್ತು ತಿಂಗಳ ನಂತರ. ಭೂಕಂಪಕ್ಕೆ ಮೊದಲು ಜಗತ್ತಿನ ಮೊದಲ ಹತ್ತು ಕಂಟೇನರ್ ಬಂದರುಗಳಲ್ಲಿ ಒಂದಾಗಿದ್ದ ಕೋಬೆ ಆ ಸ್ಥಾನವನ್ನು ಮತ್ತೆ ಪಡೆಯಲಿಲ್ಲ. ಸರಕು ಒಮ್ಮೆ ಬೇರೆ ದಾರಿ ಹಿಡಿದರೆ ಗ್ರಾಹಕರೂ ಬೇರೆಯಾಗುತ್ತಾರೆ.

ಲಾಸ್ ಏಂಜಲೀಸಿನ ಅನುಭವ ಇನ್ನೊಂದು ಬಗೆಯದು. 1994ರ ಜನವರಿ 17ರ ನಾರ್ತ್‌ರಿಜ್ ಭೂಕಂಪದಲ್ಲಿ ಸಾಂಟಾ ಮೋನಿಕಾ ಹೆದ್ದಾರಿಯ ಸೇತುವೆಗಳು ಕುಸಿದವು. ರಸ್ತೆ ಮುಚ್ಚಿದ್ದರಿಂದ ದಿನದಿನವೂ ಆಗುತ್ತಿದ್ದ ನಷ್ಟ ಎಷ್ಟು ದೊಡ್ಡದಾಗಿತ್ತೆಂದರೆ, 140 ದಿನಗಳ ಗಡುವಿಗಿಂತ ಮೊದಲು ಮುಗಿಸಿದ ಪ್ರತಿಯೊಂದು ದಿನಕ್ಕೂ ಗುತ್ತಿಗೆದಾರರಿಗೆ ಎರಡು ಲಕ್ಷ ಡಾಲರ್ ಬಹುಮಾನ ಘೋಷಿಸಲಾಯಿತು. ಕೆಲಸ 66 ದಿನಗಳಲ್ಲಿ ಮುಗಿದು, ಸುಮಾರು 1.48 ಕೋಟಿ ಡಾಲರ್ ಬಹುಮಾನ ಸಂದಿತು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಅದೇ ಪ್ರದೇಶದಲ್ಲಿ ಭೂಕಂಪಕ್ಕೆ ಮೊದಲೇ ಉಕ್ಕಿನ ಕವಚ ತೊಡಿಸಿ ಬಲಪಡಿಸಿದ್ದ ಹಳೆಯ ಕಂಬಗಳು ಬದುಕಿಕೊಂಡವು.

ನಮ್ಮ ದೇಶದಲ್ಲಿ 2001ರ ಜನವರಿ 26ರ ಭುಜ್ ಭೂಕಂಪದಲ್ಲಿ ಕಚ್ಛ್ ಪ್ರದೇಶವನ್ನು ಸೌರಾಷ್ಟ್ರದೊಡನೆ ಕೂಡಿಸುವ ಸೂರಜ್‌ಬಾರಿ ಸೇತುವೆ ಘಾಸಿಗೊಂಡಿತು. ಪರಿಹಾರ ಸಾಮಗ್ರಿ ತುರ್ತಾಗಿ ಬೇಕಾಗಿದ್ದ ಹೊತ್ತಿನಲ್ಲೇ ಸಾಗಣೆಗೆ ಅಡಚಣೆಯಾಯಿತು.

ಸೇಡಂ ರಸ್ತೆಯವರಿಗೆ ದಾರಿ ನಿಲ್ಲುವುದೆಂದರೇನು ಎಂಬುದು ಭೂಕಂಪವಿಲ್ಲದೆಯೂ ಗೊತ್ತಿದೆ. ಕಾಗಿಣಾ ಉಕ್ಕಿ ಮಳಖೇಡದ ಬಳಿ ಸಂಚಾರ ಕಡಿದುಹೋದ ದಿನಗಳಲ್ಲಿ ಸಿಮೆಂಟಿನ ಲಾರಿಗಳೂ ತೊಗರಿಯ ಲಾರಿಗಳೂ ಸಾಲುಗಟ್ಟಿ ನಿಂತಿದ್ದನ್ನು ಕಂಡವರಿದ್ದಾರೆ. ನೆರೆ ಎರಡು ದಿನಗಳಲ್ಲಿ ಇಳಿಯುತ್ತದೆ. ಮುರಿದ ಕಂಬ ಎರಡು ದಿನಗಳಲ್ಲಿ ಏಳುವುದಿಲ್ಲ. ಕಮಲಾಪುರದ ಮಾರ್ಗವಾಗಿ ಸಾಗಿ 2017ರ ಅಕ್ಟೋಬರ್ 29ರಂದು ಲೋಕಾರ್ಪಣೆಯಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಸೇತುವೆಗಳ ಮೇಲೆಯೇ ನಿಂತಿದೆ. ಜಿಲ್ಲೆಯ ವಹಿವಾಟೆಲ್ಲ ಹಾದುಹೋಗುವುದು ಬೆರಳೆಣಿಕೆಯ ಕಂಬಗಳ ಮೇಲೆ.

ನಿಯಮ ಬಿಟ್ಟ ಜಾಗ, ವರ್ತಕರ ಹೊಣೆ

ಸೇತುವೆಗಳ ಭೂಕಂಪ ವಿನ್ಯಾಸಕ್ಕೆಂದೇ ಭಾರತೀಯ ರಸ್ತೆ ಕಾಂಗ್ರೆಸ್ಸು 2018ರಲ್ಲಿ ವಿಶೇಷ ಪ್ರಕಟಣೆ 114ನ್ನು ಹೊರತಂದಿತು. ಅದಕ್ಕೂ ಮೊದಲಿನ ನಿಯಮಗಳಂತೆ, ಎರಡು ಮತ್ತು ಮೂರನೆಯ ವಲಯಗಳಲ್ಲಿ ಒಟ್ಟು ಉದ್ದ 60 ಮೀಟರ್, ಒಂದೊಂದು ಅಂಕಣ 15 ಮೀಟರ್ ಮೀರದ ಸೇತುವೆಗಳಿಗೆ ಭೂಕಂಪದ ಲೆಕ್ಕ ಮಾಡಬೇಕಾಗಿರಲಿಲ್ಲ. ಅಂದರೆ ಈ ಭಾಗದ ಹಳ್ಳ, ನಾಲೆಗಳ ಮೇಲಿನ ಸಣ್ಣ ಸೇತುವೆಗಳನ್ನು ಭೂಕಂಪದ ವಿಚಾರವನ್ನೇ ಎತ್ತದೆ ಕಟ್ಟಲು ಅವಕಾಶವಿತ್ತು. ಲೆಕ್ಕ ಬಿಟ್ಟರೂ ರಿಂಗು ಬಿಡಬೇಕಾಗಿಲ್ಲ. ಹತ್ತಿರ ಹತ್ತಿರ ಕಟ್ಟಿದ ರಿಂಗುಗಳಿಗೆ ತಗಲುವ ಹೆಚ್ಚುವರಿ ಕಬ್ಬಿಣ ಸೇತುವೆಯ ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ನಕ್ಷೆಯ ಅಂಕಿ ತಪ್ಪಾದ ದಿನ ಅದೇ ವಿಮೆ.

ಈ ವಿಮೆ ಊರ್ಜಿತವಾಗುವುದು ಅಂಗಡಿಯ ಗಲ್ಲಾದಿಂದ ಹಿಡಿದು ಕೆಲಸದ ಜಾಗದವರೆಗೆ ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಮಾಡಿದಾಗ. ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ಗಮನದಲ್ಲಿಡಬಹುದಾದ ಅಂಶಗಳು ಹೀಗಿವೆ:

1. ಬೇಡಿಕೆ ಪತ್ರದಲ್ಲಿರುವ ಗ್ರೇಡನ್ನೇ ಪೂರೈಸಬೇಕು. ದಾಸ್ತಾನಿನಲ್ಲಿ ಅದಿಲ್ಲದಿದ್ದರೆ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಮೇಲಿನದನ್ನಾಗಲಿ ಕೆಳಗಿನದನ್ನಾಗಲಿ ಕಳುಹಿಸಬಾರದು.

2. ಸರಳಿನ ಮೈಮೇಲೆ ಉಬ್ಬಿಬರುವಂತೆ ಅಚ್ಚಾಗಿರುವ ಗುರುತನ್ನು ಓದಬೇಕು. ಐಎಸ್‌ಐ ಮುದ್ರೆ ಕಡ್ಡಾಯ. ಜೊತೆಗೆ ಆ ತಂಡದ ಪರೀಕ್ಷಾ ಪತ್ರ ಪಡೆದು, ಸಾಮರ್ಥ್ಯದ ಅಂಕಿಯಷ್ಟೇ ಅಲ್ಲದೆ ಹಿಗ್ಗುವಿಕೆಯ ಪ್ರತಿಶತ ಹಾಗೂ ಗಂಧಕ-ರಂಜಕಗಳ ಅಂಕಿಯನ್ನೂ ನೋಡಿ, ಕಡತದಲ್ಲಿ ಉಳಿಸಿಕೊಳ್ಳಬೇಕು.

3. ಹನ್ನೆರಡು ಮೀಟರ್ ಉದ್ದದ ಸರಳನ್ನು ಲಾರಿಗಾಗಿ ಮಧ್ಯಕ್ಕೆ ಮಡಚಿ ಸಾಗಿಸಿ, ಅಲ್ಲಿ ಬಡಿದು ನೇರ ಮಾಡುವ ರೂಢಿ ಕೈಬಿಡಬೇಕು. ಮಡಚಿದ ಜಾಗದಲ್ಲಿ ಸರಳಿನ ಹಿಗ್ಗುವ ಗುಣದ ಒಂದು ಪಾಲು ಆಗಲೇ ಖರ್ಚಾಗಿರುತ್ತದೆ. ಟಿಎಂಟಿ ಸರಳಿನ ಬಲವಿರುವುದು ನೀರಿನಿಂದ ಥಟ್ಟನೆ ತಣಿಸಿದ ಹೊರಪದರದಲ್ಲಿ. ಗ್ಯಾಸಿನಿಂದ ಕಾಯಿಸಿ ಬಗ್ಗಿಸಿದರೆ ಅದೂ ಹೋಗುತ್ತದೆ.

4. ರಿಂಗು ತಯಾರಿಸುವ ಘಟಕಗಳು ಕೊಕ್ಕೆಯನ್ನು 135 ಡಿಗ್ರಿಗೆ ಬಗ್ಗಿಸಿ, ತುದಿಯನ್ನು ಕಂಬದ ಒಡಲಿನೊಳಗೆ ಇಳಿಯುವಷ್ಟು ಉದ್ದ ಬಿಡಬೇಕು. 90 ಡಿಗ್ರಿಯ ಕೊಕ್ಕೆ ಹೊರಗಿನ ಕಾಂಕ್ರೀಟು ಉದುರಿದೊಡನೆ ಬಿಚ್ಚಿಕೊಳ್ಳುತ್ತದೆ. ಕಂಬ ಉಳಿಯುವುದೂ ಬೀಳುವುದೂ ಎಷ್ಟೋ ಸಲ ಈ 45 ಡಿಗ್ರಿಯ ವ್ಯತ್ಯಾಸದಲ್ಲಿದೆ.

5. ಕಡಿಯಂತ್ರದ ಮಾಲೀಕರು ಚಪ್ಪಟೆ, ಚೂಪು ಕಲ್ಲುಗಳನ್ನೂ ಧೂಳನ್ನೂ ಹಿಡಿತದಲ್ಲಿಡಬೇಕು. ಹೆಚ್ಚಿನ ದರ್ಜೆಯ ಕಾಂಕ್ರೀಟಿನಲ್ಲಿ ಧೂಳು ಹೆಚ್ಚಾದರೆ ನೀರು ಹೆಚ್ಚುತ್ತದೆ, ನೀರು ಹೆಚ್ಚಿದರೆ ದರ್ಜೆ ಬೀಳುತ್ತದೆ.

6. ಫ್ಯಾಬ್ರಿಕೇಷನ್ ಘಟಕಗಳಿಗೆ ಇಲ್ಲಿ ಹೊಸ ಅವಕಾಶವೂ ಇದೆ. ಹಳೆಯ ಕಂಬಗಳಿಗೆ ಉಕ್ಕಿನ ಕವಚ, ಹಾಸು ಜಾರದಂತೆ ತಡೆಯುವ ಬಿಗಿಹಿಡಿ, ಯಂತ್ರದಿಂದ ಅಳತೆಗೆ ಸರಿಯಾಗಿ ಸುತ್ತಿದ ರಿಂಗುಗಳು, ಇವೆಲ್ಲ ಮುಂದಿನ ದಿನಗಳ ಸರಕು.

ರಾಷ್ಟ್ರಕೂಟರ ಕಾಲದಿಂದ ಜನ ದಾಟುತ್ತ ಬಂದ ಕಾಗಿಣೆಯನ್ನು ಇಂದು ದಾಟುವುದು ಸೇಡಂ ರಸ್ತೆಯವರೇ ಮಾರಿದ ಸಿಮೆಂಟಿನ, ಅವರೇ ತೂಗಿಕೊಟ್ಟ ಕಬ್ಬಿಣದ ಮೇಲೆ. ಸಾಮಗ್ರಿ ಲಾರಿಯಿಂದ ಇಳಿದ ಕೂಡಲೇ ವರ್ತಕರ ಲೆಕ್ಕದ ಪುಸ್ತಕದಲ್ಲಿ ಆ ವ್ಯವಹಾರ ಮುಗಿದಿರುತ್ತದೆ. ಆದರೆ ಆ ಸರಳು ಕಾಂಕ್ರೀಟಿನೊಳಗೆ ಕುಳಿತು ಐವತ್ತು, ನೂರು ವರ್ಷ ಕಾಯುತ್ತದೆ. ಒಂದು ನಸುಕಿನಲ್ಲಿ ನೆಲ ನಡುಗಿದರೆ ಅದನ್ನು ಕೇಳಲಾಗುವ ಪ್ರಶ್ನೆ ಎಷ್ಟು ಗಟ್ಟಿಯಿದ್ದೀಯೆ ಎಂಬುದಲ್ಲ, ಎಷ್ಟು ತಾಳಬಲ್ಲೆ ಎಂಬುದು. ಆ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು ಇಂದು, ಅಂಗಡಿಯ ಕಟ್ಟೆಯ ಮೇಲೆ, ಬೇಡಿಕೆ ಪತ್ರ ಓದುವ ಹೊತ್ತಿನಲ್ಲಿ.